ಫೆರೆಟ್‌ನ ಗುಂಡಿಗೆಗೆ ಏನು ಕೊಡುತ್ತೀರಿ?

ನಮ್ಮ ಮನೆಯ ಫೆರೆಟ್‌ಗೆ ಹೃದಯದ ಕಾಯಿಲೆ ಇದೆ ಎಂದು ತಿಳಿದವರು ಮೊದಲು ಕೇಳುವುದು ಯಾವ ಸಪ್ಲಿಮೆಂಟ್ ಕೊಡುತ್ತಿದ್ದೀರಿ ಎಂದು. ಔಷಧದ ಮಾತು ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಇಲ್ಲಿ ಓಹಾಯೊದ ಕೊಲಂಬಸ್ಸಿನಲ್ಲಿ ಫೆರೆಟ್ ಸಾಕಿರುವ ಗೆಳತಿಯರಿರಲಿ, ಆಫೀಸಿನ ಸಹೋದ್ಯೋಗಿಗಳಿರಲಿ, ಶ್ರೀರಂಗಪಟ್ಟಣದ ಹತ್ತಿರದ ನಮ್ಮೂರಿನಿಂದ ಫೋನ್ ಮಾಡುವ ಅವ್ವನಿರಲಿ, ಪ್ರತಿಯೊಬ್ಬರ ಬಳಿಯೂ ಒಂದೊಂದು ಉತ್ತರ ಸಿದ್ಧವಾಗಿರುತ್ತದೆ: ಟಾರಿನ್, ಕೋಎಂಜೈಮ್ ಕ್ಯೂ10, ಸಾಲ್ಮನ್ ಮೀನಿನ ಎಣ್ಣೆ, ಹಾಥಾರ್ನ್ ಹಣ್ಣಿನ ಸಾರ, ಹೊಳೆಮತ್ತಿಯ ಚಕ್ಕೆ. ಎಲ್ಲವೂ ಅಕ್ಕರೆಯಿಂದ ಬಂದ ಸಲಹೆಗಳೇ. ಕೆಲವಂತೂ ಗಟ್ಟಿಯಾದ ವಿಜ್ಞಾನದ ಒಂದು ಎಳೆಯನ್ನು ಹಿಡಿದುಕೊಂಡೇ ಬಂದಿವೆ. ಆದರೂ ಒಂದೂಕಾಲು ಕಿಲೋ ತೂಗುವ ಪ್ರಾಣಿಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆ ಬಾಟಲಿಗಳ ಸಾಲನ್ನು ನೋಡುವಾಗ ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ. ಇವುಗಳಲ್ಲಿ ಯಾವುದು ಅವನ ಮೈಯಲ್ಲಿ ಇಲ್ಲದ್ದನ್ನು ತುಂಬುತ್ತದೆ, ಯಾವುದು ನಮ್ಮ ತಳಮಳವನ್ನಷ್ಟೇ ತಣಿಸುತ್ತದೆ, ಮತ್ತು ನಮ್ಮ ಆ ಸಮಾಧಾನಕ್ಕಾಗಿ ಅವನು ಏನನ್ನು ಬಿಟ್ಟುಕೊಡಬೇಕಾಗುತ್ತದೆ?

ಫೆರೆಟ್ ನಮ್ಮ ಕಡೆ ಸಾಕುವ ಪ್ರಾಣಿಯಲ್ಲವಾದ್ದರಿಂದ ಎರಡು ಮಾತು ಹೇಳಬೇಕು. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಮೊಲದ ಬಿಲಗಳಿಗೆ ನುಗ್ಗಿಸಿ ಬೇಟೆಯಾಡುವುದಕ್ಕಾಗಿ ಮನುಷ್ಯರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಪಳಗಿಸಿಕೊಂಡರು. ಫೆರೆಟ್ ಅದರ ಸಂತತಿ. ನೋಡಲು ಮುಂಗುಸಿಯ ಹಾಗಿದ್ದರೂ ಬಳಗದಿಂದ ನಮ್ಮ ಕಾವೇರಿಯ ನೀರುನಾಯಿಗೆ ಹತ್ತಿರದ ನೆಂಟ. ಅಪ್ಪಟ ಮಾಂಸಾಹಾರಿ. ತಿಂದದ್ದು ಮೂರು-ನಾಲ್ಕು ಗಂಟೆಗಳಲ್ಲಿ ಹೊಟ್ಟೆಯಿಂದ ಹೊರಗೆ ಹೋಗಿಬಿಡುವಷ್ಟು ಗಿಡ್ಡ ಕರುಳು ಇದರದು. ಹಾಗಾಗಿ ದಿನವಿಡೀ ಸ್ವಲ್ಪಸ್ವಲ್ಪವೇ ತಿನ್ನುತ್ತಿರಬೇಕು. ಐದರಿಂದ ಎಂಟು ವರ್ಷ ಬದುಕುತ್ತದೆ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ, ಹವಾಯಿಗಳಂಥ ಕಡೆ ಇದನ್ನು ಸಾಕುವಂತಿಲ್ಲ; ಓಹಾಯೊದಲ್ಲಿ ಅಡ್ಡಿಯಿಲ್ಲ. ನಮ್ಮ ಮಿಂಚುವಿಗೆ ಈಗ ಆರನೆಯ ವರ್ಷ ನಡೆಯುತ್ತಿದೆ, ಅಂದರೆ ಅವನು ಮುದುಕ.

ಎಕೋ ಕೋಣೆಯಲ್ಲಿ

ಮೊದಲು ಕಂಡದ್ದು ಹಿಂಗಾಲುಗಳ ಬಲಹೀನತೆ. ಸೋಫಾದ ಮೇಲೆ ಹಾರುತ್ತಿದ್ದವನು ಮುಂಗಾಲುಗಳನ್ನಷ್ಟೇ ಇಟ್ಟು ನಿಂತು ನಮ್ಮ ಮುಖ ನೋಡತೊಡಗಿದ. ಫೆರೆಟ್ ಸಾಕಿದವರೆಲ್ಲರಿಗೂ ಆ ಕ್ಷಣಕ್ಕೆ ತಲೆಗೆ ಬರುವುದು ಇನ್ಸುಲಿನೋಮ: ಮೇದೋಜೀರಕ ಗ್ರಂಥಿಯ ಗಡ್ಡೆಯೊಂದು ಇನ್ಸುಲಿನ್ನನ್ನು ಸುರಿಸುತ್ತಾ ರಕ್ತದ ಸಕ್ಕರೆಯನ್ನು ಕೆಳಕ್ಕೆ ಎಳೆಯುವ ಈ ಕಾಯಿಲೆ ನಡುವಯಸ್ಸು ದಾಟಿದ ಫೆರೆಟ್‌ಗಳಲ್ಲಿ ತೀರಾ ಸಾಮಾನ್ಯ, ಮತ್ತು ಅದರಲ್ಲಿಯೂ ಹಿಂಗಾಲುಗಳೇ ಮೊದಲು ಸೋಲುತ್ತವೆ. ಸಕ್ಕರೆ ಸರಿಯಾಗಿಯೇ ಇತ್ತು. ಪಶುವೈದ್ಯೆ ಸ್ಟೆತಸ್ಕೋಪನ್ನು ಎದೆಯ ಮೇಲೆ ನಾನು ಎಣಿಸಿದ್ದಕ್ಕಿಂತ ಬಹಳ ಹಿಂದಕ್ಕೆ, ಹೆಚ್ಚುಕಡಿಮೆ ಹೊಟ್ಟೆ ಶುರುವಾಗುವ ಕಡೆ ಇಟ್ಟು, ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದರು. ಫೆರೆಟ್‌ನ ಎದೆಗೂಡು ಉದ್ದ. ಗುಂಡಿಗೆ ಆರನೆಯ ಮತ್ತು ಎಂಟನೆಯ ಪಕ್ಕೆಲುಬುಗಳ ನಡುವೆ, ಹಿಂದಕ್ಕೆ ಸರಿದು ಕೂತಿರುತ್ತದೆ ಎಂದು ಆಮೇಲೆ ವಿವರಿಸಿದರು. ನಾಯಿ ಬೆಕ್ಕುಗಳ ಎದೆಯ ಮೇಲೆ ಇಡುವ ಜಾಗದಲ್ಲಿ ಇಟ್ಟು ಕೇಳಿದರೆ ಕಾಯಿಲೆಯ ಸುಳಿವು ಕೊಡುವ ಗೊಣಗುವ ಸದ್ದು ತಪ್ಪಿಹೋಗಬಹುದಂತೆ.

ಎಕೋ, ಅಂದರೆ ಶಬ್ದತರಂಗಗಳಿಂದ ಗುಂಡಿಗೆಯನ್ನು ಪರದೆಯ ಮೇಲೆ ನೋಡುವ ಪರೀಕ್ಷೆ, ಮಾಡುವ ಕೋಣೆಯನ್ನು ಕತ್ತಲು ಮಾಡಿದ್ದರು. ಮಿಂಚುವಿನ ಎದೆಯ ಒಂದು ಪಕ್ಕದ ಕೂದಲನ್ನು ಸಣ್ಣ ಚೌಕದಷ್ಟು ಬೋಳಿಸಿ, ಜೆಲ್ ಹಚ್ಚಿ, ನನ್ನನ್ನು ತಲೆಯ ಕಡೆ ನಿಲ್ಲಿಸಿದರು. ಅವನ ಬಾಯಿಯ ಹತ್ತಿರ ನಾನು ವಿಟಮಿನ್ ಎಣ್ಣೆ ಹಚ್ಚಿದ ಬೆರಳನ್ನು ಹಿಡಿದುಕೊಂಡಿರಬೇಕಿತ್ತು. ಉಗುರು ಕತ್ತರಿಸುವಾಗ ಹೊಟ್ಟೆಯ ಮೇಲೆ ಎರಡು ಹನಿ ಬಿಟ್ಟರೆ ಅದನ್ನು ನೆಕ್ಕುತ್ತಾ ಲೋಕವನ್ನೇ ಮರೆಯುತ್ತಿದ್ದ ಪ್ರಾಣಿ ಆ ದಿನವೂ ಮರೆತ, ಮಿಸುಕಾಡದೆ ಮಲಗಿದ. ಪರದೆಯ ಮೇಲೆ ಬಡಿಯುತ್ತಿದ್ದ ಆ ಬೂದುಬಣ್ಣದ ಕೋಣೆಯನ್ನು ತೋರಿಸಿ ವೈದ್ಯೆ ಹೇಳಿದ್ದು ಇಷ್ಟು: ಎಡಭಾಗದ ಕೆಳಗೋಣೆ ಹಿಗ್ಗಿದೆ, ಗೋಡೆ ತೆಳುವಾಗಿದೆ, ಹಿಂಡಬೇಕಾದಷ್ಟು ಬಲವಾಗಿ ಅದು ಹಿಂಡುತ್ತಿಲ್ಲ. ನಿಮಿಷಕ್ಕೆ 180ರಿಂದ 250 ಸಲ ಬಡಿಯುವ ಗುಂಡಿಗೆಯ ಸೋಲನ್ನು ಬರಿಗಣ್ಣಿನಿಂದ ಗುರುತಿಸುವುದು ನನಗೆ ಸಾಧ್ಯವಿರಲಿಲ್ಲ, ಆದರೆ ಅವರು ಒಂದು ಬಡಿತವನ್ನು ನಿಲ್ಲಿಸಿ, ಹಿಗ್ಗಿದಾಗಿನ ಅಗಲಕ್ಕೂ ಕುಗ್ಗಿದಾಗಿನ ಅಗಲಕ್ಕೂ ಗೆರೆ ಎಳೆದು ತೋರಿಸಿದಾಗ ಎರಡು ಗೆರೆಗಳ ನಡುವಿನ ವ್ಯತ್ಯಾಸ ಎಷ್ಟು ಕಡಿಮೆ ಎಂಬುದು ಯಾರಿಗಾದರೂ ಅರ್ಥವಾಗುವಂತಿತ್ತು. ಡೈಲೇಟೆಡ್ ಕಾರ್ಡಿಯೊಮಯೋಪತಿ, ಅಂದರೆ ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುವ ಕಾಯಿಲೆ. ಕವಾಟಗಳ ಸೋರಿಕೆಯ ಜೊತೆಗೆ ಫೆರೆಟ್‌ಗಳಲ್ಲಿ ಹೆಚ್ಚಾಗಿ ಕಾಣುವ ಹೃದ್ರೋಗ ಇದು.

ಮೂರು ಔಷಧಗಳನ್ನು ಬರೆದುಕೊಟ್ಟರು. ಎದೆಯಲ್ಲಿ, ಶ್ವಾಸಕೋಶದಲ್ಲಿ ನಿಲ್ಲುವ ನೀರನ್ನು ಮೂತ್ರದ ಮೂಲಕ ಹೊರಹಾಕುವ ಫ್ಯೂರೊಸಮೈಡ್. ನನ್ನ ಅಜ್ಜಿ ನುಂಗುತ್ತಿದ್ದ ಲ್ಯಾಸಿಕ್ಸ್ ಇದೇ. ರಕ್ತನಾಳಗಳನ್ನು ಸಡಿಲಿಸಿ ಗುಂಡಿಗೆಯ ಹೊರೆ ಇಳಿಸುವ ಎನಾಲಪ್ರಿಲ್. ಫೆರೆಟ್‌ಗಳ ರಕ್ತದೊತ್ತಡ ಇದಕ್ಕೆ ಬೇಗ ಕುಸಿಯುವುದರಿಂದ ತೀರಾ ಕಡಿಮೆ ಪ್ರಮಾಣದಿಂದ ಶುರುಮಾಡಬೇಕು. ಸ್ನಾಯುವಿನ ಹಿಡಿತವನ್ನು ಹೆಚ್ಚಿಸುವ ಪಿಮೋಬೆಂಡಾನ್. ಇದಕ್ಕೆ ಅಮೆರಿಕದಲ್ಲಿ 2007ರಲ್ಲಿ ಅನುಮತಿ ಸಿಕ್ಕಿದ್ದು ನಾಯಿಗಳಿಗೆ, ಫೆರೆಟ್‌ಗಳಿಗೆ ಕೊಡುವುದು ವೈದ್ಯರ ವಿವೇಚನೆಯ ಮೇಲೆ. ಇಷ್ಟನ್ನೂ ಕೇಳಿಸಿಕೊಂಡ ಮೇಲೆ ನಾನು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆಯನ್ನೇ: ಜೊತೆಗೆ ಏನಾದರೂ ಸಪ್ಲಿಮೆಂಟ್ ಕೊಡಬಹುದೇ? ಅವರು ಸ್ವಲ್ಪ ಯೋಚಿಸಿ, "ಅವನ ಬಟ್ಟಲಿನಲ್ಲಿ ಏನಿರುತ್ತದೆ, ಅದನ್ನು ಮೊದಲು ಹೇಳಿ" ಎಂದರು. ಈ ವಿಷಯದಲ್ಲಿ ನಾನು ಇದುವರೆಗೆ ಕೇಳಿದ ಮಾತುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಅದು.

ಬೆಕ್ಕುಗಳಿಂದ ಬಂದ ಭರವಸೆ

ಟಾರಿನ್ ಎಂಬುದು 1827ರಲ್ಲಿ ಎತ್ತಿನ ಪಿತ್ತರಸದಿಂದ ಮೊದಲು ಬೇರ್ಪಡಿಸಿದ ಒಂದು ಅಮೈನೋ ಆಮ್ಲ. ಮಾಂಸದಲ್ಲಿ, ಅದರಲ್ಲೂ ಗುಂಡಿಗೆಯಂಥ ಸದಾ ದುಡಿಯುವ ಸ್ನಾಯುವಿನಲ್ಲಿ ಧಾರಾಳವಾಗಿದೆ. ಗಿಡಮೂಲದ ಆಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೆಕ್ಕಿನ ಮೈ ಇದನ್ನು ತಾನಾಗಿ ತಯಾರಿಸಿಕೊಳ್ಳುವುದು ಬಹಳ ಕಡಿಮೆ, ಪಿತ್ತರಸಕ್ಕಾಗಿ ಖರ್ಚು ಮಾಡುವುದು ಮಾತ್ರ ನಿರಂತರ. ಟಾರಿನ್ ಸಿಗದ ಬೆಕ್ಕುಗಳ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆ ಎಂಬುದು 1975ರಲ್ಲಿಯೇ ಪ್ರಕಟವಾಗಿತ್ತು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಅವರ ಸಂಗಡಿಗರು ಅದಕ್ಕಿಂತ ದೊಡ್ಡದನ್ನು ತೋರಿಸಿದರು. ಅಂಗಡಿಯಲ್ಲಿ ಸಿಗುವ ಒಳ್ಳೆಯ ಹೆಸರಿನ ಆಹಾರವನ್ನೇ ತಿನ್ನುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ಇಳಿದುಹೋಗಿತ್ತು, ಅವುಗಳ ಗುಂಡಿಗೆ ಹಿಗ್ಗಿತ್ತು, ಮತ್ತು ಟಾರಿನ್ ಕೊಟ್ಟಾಗ ಆ ಗುಂಡಿಗೆಗಳು ಚೇತರಿಸಿಕೊಂಡವು. ಸಾಯುವುದು ಖಚಿತವೆಂದುಕೊಂಡಿದ್ದ ಹೃದ್ರೋಗವೊಂದು ಅಗ್ಗದ ಬಿಳಿಯ ಪುಡಿಯಿಂದ ಹಿಂದಕ್ಕೆ ತಿರುಗಿತು. ತಯಾರಕರು ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚಿಸಿದರು, ಕೆಲವೇ ವರ್ಷಗಳಲ್ಲಿ ಆ ಕಾಯಿಲೆ ಬೆಕ್ಕುಗಳಲ್ಲಿ ಅಪರೂಪವಾಯಿತು. ಪಶುವೈದ್ಯದ ಚರಿತ್ರೆಯಲ್ಲಿ ಇದಕ್ಕಿಂತ ಸಂತೋಷದ ಕಥೆಗಳು ಹೆಚ್ಚಿಲ್ಲ ಎಂದು ನನಗೆ ಅನ್ನಿಸುತ್ತದೆ, ಮತ್ತು ಫೆರೆಟ್ ಸಾಕಿದವರು ಟಾರಿನ್ ಹೆಸರು ಹೇಳುವಾಗ ಅವರ ದನಿಯಲ್ಲಿ ಕೇಳಿಸುವ ಭರವಸೆಯ ಮೂಲ ಇದೇ.

ಆದರೆ ಆ ಕಥೆಯನ್ನು ನಿಧಾನವಾಗಿ ಓದಿದರೆ ಅದು ಕೊರತೆಯ ಕಥೆ. ಬೆಕ್ಕುಗಳಿಗೆ ಟಾರಿನ್ ಔಷಧವಾಗಿ ಕೆಲಸ ಮಾಡಿದ್ದು ಅವುಗಳಲ್ಲಿ ಟಾರಿನ್ ಇರಲಿಲ್ಲವಾದ್ದರಿಂದ. ಫೆರೆಟ್ ಕೂಡ ಬೆಕ್ಕಿನಂತೆಯೇ ಅಪ್ಪಟ ಮಾಂಸಾಹಾರಿ, ಅದಕ್ಕೂ ಆಹಾರದ ಟಾರಿನ್ ಬೇಕೆಂದು ಎಣಿಸುವುದು ನ್ಯಾಯವೇ. ಅದಕ್ಕಾಗಿಯೇ ಫೆರೆಟ್‌ಗಳಿಗೆಂದು ಮಾಡಿದ ಒಣ ಆಹಾರಕ್ಕೆ ಟಾರಿನ್ ಸೇರಿಸಿಯೇ ಇರುತ್ತಾರೆ. ಮಿಂಚು ಮರಿಯಾಗಿದ್ದಾಗಿನಿಂದ ತಿಂದದ್ದು ಅದನ್ನೇ, ಮೇಲೆ ಆಗಾಗ ಬೇಯಿಸಿದ ಕೋಳಿಗುಂಡಿಗೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದರೆ ಅದು ಕೊಡದಲ್ಲಿ ನಿಲ್ಲುವುದಿಲ್ಲ; ಹೆಚ್ಚಾದ ಟಾರಿನ್ ಮೂತ್ರದಲ್ಲಿ ಹರಿದುಹೋಗುತ್ತದೆ. ವೈದ್ಯೆ ಬಟ್ಟಲಿನ ವಿಚಾರವನ್ನು ಮೊದಲು ಕೇಳಿದ್ದು ಇದಕ್ಕಾಗಿ. ಒಂದು ವೇಳೆ ಅವನು ನಾಯಿಯ ಆಹಾರ ತಿನ್ನುತ್ತಿದ್ದರೆ ಅವರ ಉತ್ತರ ಬೇರೆಯಾಗುತ್ತಿತ್ತು, ಏಕೆಂದರೆ ನಾಯಿಗಳು ಟಾರಿನ್ನನ್ನು ತಾವೇ ತಯಾರಿಸಿಕೊಳ್ಳಬಲ್ಲವು ಎಂಬ ಕಾರಣಕ್ಕೆ ನಾಯಿಯ ಆಹಾರದಲ್ಲಿ ಅದು ಇರಲೇಬೇಕೆಂಬ ನಿಯಮವಿಲ್ಲ. ಧಾನ್ಯವಿಲ್ಲದ, ಬಟಾಣಿ ಮತ್ತು ಬೇಳೆಗಳೇ ಹೆಚ್ಚಿರುವ ಆಹಾರ ತಿನ್ನುವ ನಾಯಿಗಳಲ್ಲಿ ಹಿಗ್ಗಿದ ಗುಂಡಿಗೆಯ ಕಾಯಿಲೆ ಕಾಣಿಸುತ್ತಿದೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರ ಜುಲೈನಲ್ಲಿ ಜನರನ್ನು ಎಚ್ಚರಿಸಿತ್ತು. ಕಾರಣ ಇನ್ನೂ ಖಚಿತವಾಗಿ ಇತ್ಯರ್ಥವಾಗಿಲ್ಲ. ಮನೆಯಲ್ಲಿಯೇ ಮಾಂಸ ಬೇಯಿಸಿ ಹಾಕುವವರಿಗೂ ಒಂದು ಮಾತು: ಟಾರಿನ್ ನೀರಿನಲ್ಲಿ ಕರಗುತ್ತದೆ, ಬೇಯಿಸಿದ ನೀರನ್ನು ಚೆಲ್ಲಿದರೆ ಅದೂ ಜೊತೆಯಲ್ಲೇ ಹೋಗುತ್ತದೆ. ನಮ್ಮೂರಿನಲ್ಲಿ ಕೋಳಿ ಕೊಯ್ದ ದಿನ ಗುಂಡಿಗೆ ಈಲಿಗಳನ್ನು ಸಾರಿನೊಳಗೇ ಬೇಯಿಸುತ್ತಿದ್ದರಲ್ಲ, ಫೆರೆಟ್‌ಗೂ ಆ ಕ್ರಮವೇ ಒಳ್ಳೆಯದು. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಸೋಕಬಾರದು.

ರಕ್ತದಲ್ಲಿ ಟಾರಿನ್ ಎಷ್ಟಿದೆ ಎಂದು ಅಳೆದು ನೋಡಬಹುದಲ್ಲವೇ ಎಂದು ಕೇಳಿದೆ. ಅಳೆಯುವ ಪ್ರಯೋಗಾಲಯಗಳಿವೆ. ಮಿಂಚುವಿನ ಗಾತ್ರದ ಫೆರೆಟ್‌ನ ಇಡೀ ಮೈಯಲ್ಲಿರುವ ರಕ್ತ ಸುಮಾರು 75 ಮಿಲಿಲೀಟರ್. ಮೂತ್ರಪಿಂಡದ ಪರೀಕ್ಷೆಗೆ, ಪೊಟ್ಯಾಸಿಯಂ ನೋಡಲಿಕ್ಕೆ ಹೇಗಿದ್ದರೂ ಪದೇಪದೇ ರಕ್ತ ತೆಗೆಯಬೇಕಾದವನಿಂದ ಇನ್ನಷ್ಟು ತೆಗೆಯುವುದಕ್ಕಿಂತ, ಸ್ವಲ್ಪ ಟಾರಿನ್ ಕೊಟ್ಟುಬಿಡುವುದೇ ಸರಳ ಎಂದು ಅವರ ತೀರ್ಮಾನ. ಅದಕ್ಕೆ ರುಚಿಯಿಲ್ಲ, ಬೆಚ್ಚಗಿನ ನೀರಿನಲ್ಲಿ ಕರಗುತ್ತದೆ, ಹಾನಿಯ ಸಂಭವ ಬಹಳ ಕಡಿಮೆ. "ಕೊಡಿ, ಆದರೆ ಇದರಿಂದಲೇ ಗೋಡೆ ದಪ್ಪವಾಗುತ್ತದೆ ಎಂದುಕೊಂಡು ಫ್ಯೂರೊಸಮೈಡ್ ತಪ್ಪಿಸಬೇಡಿ" ಎಂದರು. ಹೀಗೆ ಟಾರಿನ್ ನಮ್ಮ ಮನೆಗೆ ಬಂತು, ಮತ್ತು ಇನ್ನೂ ಇದೆ.

ಉಳಿದವುಗಳ ಕಥೆ ಇಷ್ಟು ಗಟ್ಟಿಯಾಗಿಲ್ಲ. ಸ್ನಾಯು ಕೊಬ್ಬನ್ನು ಶಕ್ತಿಯಾಗಿ ಬಳಸಲು ನೆರವಾಗುವ ಎಲ್-ಕಾರ್ನಿಟಿನ್ ಬಗ್ಗೆ ಮಾತಾಡುವವರೆಲ್ಲ ಕೊನೆಗೆ ತಲುಪುವುದು 1991ರಲ್ಲಿ ವರದಿಯಾದ ಬಾಕ್ಸರ್ ನಾಯಿಗಳ ಒಂದು ಕುಟುಂಬಕ್ಕೆ. ಅಲ್ಲಿಯೂ ಸ್ನಾಯುವಿನಲ್ಲಿ ಕಾರ್ನಿಟಿನ್ ಕೊರತೆಯಿತ್ತು. ಜೀವಕೋಶಗಳು ಶಕ್ತಿ ತಯಾರಿಸಲು ಬಳಸುವ ಕ್ಯೂ10 ವಿಷಯದಲ್ಲಿ ಮನುಷ್ಯರ ಮೇಲೆ ನಡೆದ ಒಂದು ಪ್ರಯೋಗವಿದೆ: ಹೃದಯ ಸೋತ 420 ರೋಗಿಗಳನ್ನು ಎರಡು ವರ್ಷ ಗಮನಿಸಿ, ದಿನಕ್ಕೆ 300 ಮಿಲಿಗ್ರಾಂ ಪಡೆದವರಲ್ಲಿ ದೊಡ್ಡ ತೊಂದರೆಗಳು ಕಡಿಮೆಯಾದವೆಂದು 2014ರಲ್ಲಿ ಪ್ರಕಟಿಸಿದರು. ಅವರೆಲ್ಲರೂ ಮನುಷ್ಯರು, ಮತ್ತು ಅವರೆಲ್ಲರೂ ಔಷಧಗಳ ಮೇಲೆ ಇದ್ದವರು. ಮೀನೆಣ್ಣೆಯ ಒಮೇಗಾ-3 ಕೊಬ್ಬು ಹೃದ್ರೋಗವಿರುವ ನಾಯಿಗಳ ಮೈಕರಗುವಿಕೆಯನ್ನು ತಗ್ಗಿಸಿತೆಂಬ ಅಧ್ಯಯನ 1998ರದು. ಹೃದಯ ಸೋತ ಪ್ರಾಣಿ ತಿಂದರೂ ಸೊರಗುತ್ತಾ ಹೋಗುವುದನ್ನು ಕಣ್ಣಾರೆ ಕಂಡವರಿಗೆ ಇದು ಸಣ್ಣ ಮಾತಲ್ಲ. ಆದ್ದರಿಂದ ಇವೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ನಾಯಿಯಿಂದ, ಬೆಕ್ಕಿನಿಂದ, ಮನುಷ್ಯನಿಂದ ಎರವಲು ತಂದ ಭರವಸೆಗಳು ಇವು ಎಂಬುದನ್ನು ಮರೆಯದೆ ಕೊಡಬೇಕು ಎನ್ನುತ್ತೇನೆ.

ಅವ್ವನ ಹೊಳೆಮತ್ತಿ

ಕಾವೇರಿಯ ದಂಡೆಯಲ್ಲಿ ಬೆಳೆದವರಿಗೆ ಹೊಳೆಮತ್ತಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನೀರಿಗೆ ಬಾಗಿ ನಿಂತ, ಬೂದು-ಬಿಳಿ ತೊಗಟೆ ಹಪ್ಪಳದಂತೆ ಸುಲಿದು ಬೀಳುವ ಆ ಮರಗಳ ಬೇರಿನ ಮೇಲೆ ಕೂತೇ ನಾವು ಬಟ್ಟೆ ಒಗೆದದ್ದು. ನನ್ನ ಅಜ್ಜಿಗೆ ಎದೆಯ ಕಾಯಿಲೆ ಬಂದಾಗ ಅವ್ವ ಆ ಚಕ್ಕೆಯನ್ನು ಕುಟ್ಟಿ, ಹಾಲು ನೀರು ಸೇರಿಸಿ, ನೀರೆಲ್ಲ ಆರಿ ಹಾಲಷ್ಟೇ ಉಳಿಯುವವರೆಗೆ ಕಾಯಿಸಿ, ಸೋಸಿ ಕೊಡುತ್ತಿದ್ದಳು. ಅಜ್ಜಿ ಲ್ಯಾಸಿಕ್ಸ್ ಕೂಡ ನುಂಗುತ್ತಿದ್ದಳು, ಮೈಸೂರಿನ ಆಸ್ಪತ್ರೆಗೂ ಹೋಗಿಬರುತ್ತಿದ್ದಳು. ಅವಳು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಬದುಕಿದಳು. ಯಾವುದರಿಂದ ಎಂದು ಬಿಡಿಸಿ ಹೇಳುವುದು ಈಗ ಯಾರಿಗೂ ಸಾಧ್ಯವಿಲ್ಲ, ಆದರೆ ಅವ್ವನ ಮನಸ್ಸಿನಲ್ಲಿ ಆ ಲೆಕ್ಕ ಎಂದೋ ಮುಗಿದಿದೆ.

ಮಿಂಚುವಿನ ವಿಷಯ ಹೇಳಿದ ದಿನ ಅವಳು ವಿಡಿಯೊದಲ್ಲಿ ಅವನನ್ನು ಬಹಳ ಹೊತ್ತು ನೋಡಿದಳು. "ಅಲ್ಲ ಕಣವ್ವಾ, ಅಷ್ಟುದ್ದ ಇಲ್ಲ, ಅದಕ್ಕೂ ಗುಂಡಿಗೆ ನೋವು ಬತ್ತದಾ" ಎಂದಳು. ಆಮೇಲೆ, "ಊರಿಂದ ಬರೋರ ಕೈಲಿ ಚಕ್ಕೆ ಕಳಿಸ್ತೀನಿ, ಒಂದು ಚಿಟಿಕೆ ಹಾಲಲ್ಲಿ ಕಾಯ್ಸಿ ಕುಡ್ಸು. ನಿಮ್ಮಜ್ಜಿಗೆ ಆಗ್ಲಿಲ್ವಾ?" ನಾನು ಆಗಲ್ಲ ಅವ್ವ ಎಂದೆ. ಯಾಕೆ ಎಂದಳು. ಆ ಯಾಕೆಗೆ ಸರಿಯಾದ ಉತ್ತರ ಕೊಡುವುದು ಅವಳಿಗೆ ನಾನು ಸಲ್ಲಿಸಬೇಕಾದ ಗೌರವ ಎಂದು ನನಗೆ ಅನ್ನಿಸಿತು. ಅವಳು ಮೂಢನಂಬಿಕೆಯ ಮಾತಾಡಿರಲಿಲ್ಲ. ಹೊಳೆಮತ್ತಿಯೆಂದರೆ ಅರ್ಜುನ ಮರವೇ, ಅದರ ತೊಗಟೆಯನ್ನು ಆಯುರ್ವೇದ ಶತಮಾನಗಳಿಂದ ಹೃದ್ರೋಗಕ್ಕೆ ಬಳಸಿಕೊಂಡು ಬಂದಿದೆ. ಬೇರೆ ಔಷಧಗಳಿಗೆ ಬಗ್ಗದ ಹೃದಯಸೋಲಿನ 12 ರೋಗಿಗಳಿಗೆ ಅದರ ಸಾರವನ್ನು ಕೊಟ್ಟು ನೋಡಿದ ನಮ್ಮ ದೇಶದ ವೈದ್ಯರ ಸಣ್ಣ ಅಧ್ಯಯನವೊಂದು 1995ರಲ್ಲಿ ಪ್ರಕಟವಾಗಿದೆ, ಅದರ ಫಲಿತಾಂಶ ಆಶಾದಾಯಕವಾಗಿಯೇ ಇತ್ತು.

ಅವಳಿಗೆ ನಾನು ಹೇಳಿದ್ದು ಫೆರೆಟ್‌ನ ಯಕೃತ್ತಿನ ವಿಚಾರ. ಗಿಡಮೂಲಿಕೆಗಳನ್ನು ತಿಂದು ಬದುಕಿದ ಪ್ರಾಣಿಗಳ ಯಕೃತ್ತಿಗೆ ಅವುಗಳಲ್ಲಿರುವ ಒಗರಿನ, ಕಹಿಯ ರಾಸಾಯನಿಕಗಳನ್ನು ಕಟ್ಟಿ ಹೊರಹಾಕುವ ಅಭ್ಯಾಸವಿದೆ. ಮಾಂಸವನ್ನಷ್ಟೇ ತಿಂದ ಬೆಕ್ಕಿಗೆ ಆ ಕೆಲಸದ ಒಂದು ಮುಖ್ಯ ದಾರಿಯೇ ಬಹಳ ದುರ್ಬಲ. ನಮಗೆ ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುವುದು ಅದಕ್ಕೇ. ಫೆರೆಟ್‌ನ ಯಕೃತ್ತೂ ಪ್ಯಾರಸಿಟಮಾಲನ್ನು ಆ ದಾರಿಯಲ್ಲಿ ಸಾಗಹಾಕುವುದು ನಿಧಾನವೆಂದು ಪ್ರಯೋಗಗಳು ತೋರಿಸಿವೆ. ಅಜ್ಜಿಯ ಮೈ ಅರಗಿಸಿಕೊಂಡ ಕಷಾಯವನ್ನು ಇವನ ಮೈಯೂ ಹಾಗೆಯೇ ಅರಗಿಸಿಕೊಳ್ಳುತ್ತದೆ ಎನ್ನುವಂತಿಲ್ಲ. ಅದರ ಮೇಲೆ ಹಾಲು: ಬೆಳೆದ ಫೆರೆಟ್‌ಗೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿ ಶುರುವಾಗುತ್ತದೆ. ಅಂಗಡಿಯ ಅರ್ಜುನಾರಿಷ್ಟವೋ, ಹುದುಗಿಸಿ ಮಾಡಿದ್ದಾದ್ದರಿಂದ ಅದರಲ್ಲಿ ಮದ್ಯಾಂಶವಿದೆ, ಬೆಲ್ಲದ ಸಿಹಿಯೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಗುಂಡಿಗೆಯ ಮೇಲೆ ನಿಜವಾಗಿಯೂ ಪರಿಣಾಮ ಬೀರುವ ಮೂಲಿಕೆಯಾಗಿದ್ದರೆ ಅದು ಈಗಾಗಲೇ ನಡೆಯುತ್ತಿರುವ ಎನಾಲಪ್ರಿಲ್, ಪಿಮೋಬೆಂಡಾನ್‌ಗಳ ಜೊತೆ ಸೇರಿ ರಕ್ತದೊತ್ತಡವನ್ನು ಎಲ್ಲಿಗೆ ಇಳಿಸುತ್ತದೆ ಎಂಬುದನ್ನು ಫೆರೆಟ್‌ನಲ್ಲಿ ಯಾರೂ ಅಳೆದಿಲ್ಲ. ಇಲ್ಲಿಯವರು ಸಲಹೆ ಮಾಡುವ ಹಾಥಾರ್ನ್‌ಗೂ ನನ್ನ ಉತ್ತರ ಇದೇ. ಅದು ಯುರೋಪಿನ ಅಜ್ಜಿಯರ ಹೊಳೆಮತ್ತಿ. ಡಿಜಾಕ್ಸಿನ್ ಎಂಬ ಹೃದಯದ ಔಷಧ ತೆಗೆದುಕೊಳ್ಳುವವರು ಅದರಿಂದ ದೂರವಿರಬೇಕೆಂದು ಮನುಷ್ಯರಿಗೇ ಎಚ್ಚರಿಕೆ ಕೊಡುತ್ತಾರೆ. ಒಂದು ಮೂಲಿಕೆ ಕೆಲಸ ಮಾಡುವುದಿಲ್ಲವಾದರೆ ಕೊಡುವ ಅಗತ್ಯವಿಲ್ಲ, ಕೆಲಸ ಮಾಡುತ್ತದೆಯಾದರೆ ಅದನ್ನು ಔಷಧವೆಂದೇ ಎಣಿಸಿ ವೈದ್ಯರ ಮುಂದೆ ಇಡಬೇಕು. "ಆಯ್ತು ಬುಡು, ಡಾಕ್ಟ್ರಮ್ಮ ಹೇಳ್ದಂಗೆ ಮಾಡು" ಎಂದು ಅವ್ವ ಒಪ್ಪಿದಳು. ಈಗಲೂ ಫೋನ್ ಮಾಡಿದಾಗ ಮೊದಲು ಕೇಳುವುದು ಅವನು ಉಂಡನೇ ಎಂದು.

ಒಂದು ಮಿಲಿಲೀಟರಿನೊಳಗೆ

ಅವನು ಉಂಡನೇ ಎಂಬ ಆ ಪ್ರಶ್ನೆ ಇಡೀ ಚರ್ಚೆಯ ನಡುಮಧ್ಯದಲ್ಲಿ ಇರಬೇಕಾದದ್ದು ಎಂದು ನನಗೆ ದಿನದಿಂದ ದಿನಕ್ಕೆ ಹೆಚ್ಚು ಮನವರಿಕೆಯಾಗುತ್ತಿದೆ. ಹೃದಯ ಸೋತ ಫೆರೆಟ್‌ನ ಹಸಿವು ದುರ್ಬಲ. ಕುತ್ತಿಗೆಯ ಚರ್ಮವನ್ನು ಮೆಲ್ಲಗೆ ಹಿಡಿದು, ಸೂಜಿಯಿಲ್ಲದ ಒಂದು ಮಿಲಿಲೀಟರಿನ ಸಿರಿಂಜನ್ನು ಬಾಯಿಯ ಪಕ್ಕದಿಂದ ಒಳಗಿಟ್ಟು ಔಷಧ ಬಿಡುವಾಗ ಅವನು ಮುಖ ಹೊರಳಿಸುತ್ತಾನೆ, ಮುಂಗಾಲುಗಳಿಂದ ಸಿರಿಂಜನ್ನು ತಳ್ಳುತ್ತಾನೆ, ಜೊಲ್ಲು ಸುರಿಸುತ್ತಾನೆ. ಅವನ ಸಹನೆ ಇಷ್ಟೇ ಎಂದು ಗೊತ್ತಿದೆ. ಬೆಳಿಗ್ಗೆ ಸಂಜೆ ಅದನ್ನು ಜೋಪಾನವಾಗಿ ಖರ್ಚು ಮಾಡಬೇಕು. ಮೊದಲ ಪಾಲು ಫ್ಯೂರೊಸಮೈಡ್‌ಗೆ, ಆಮೇಲೆ ಉಳಿದೆರಡಕ್ಕೆ. ಅಷ್ಟರ ಮೇಲೆ ಕಾರ್ನಿಟಿನ್ ಹಿಡಿದುಕೊಂಡು ಹೋದರೆ, ಅದರ ಹುಳಿಗೂ ಮೀನುವಾಸನೆಗೂ ಸಿಡುಕಿಕೊಂಡವನು ಮುಂದಿನ ಊಟದ ಬಟ್ಟಲಿನ ಹತ್ತಿರ ನಮ್ಮ ಕೈ ಕಂಡರೂ ಹಿಂದೆ ಸರಿಯುತ್ತಾನೆ. ಉತ್ತಮ ಪೂರಕವೊಂದು ಒಂದು ಹೊತ್ತಿನ ಊಟವನ್ನು ಕಸಿದುಕೊಂಡರೆ ಅವನಿಗೆ ಲಾಭವೇನೂ ಆಗಲಿಲ್ಲ. ದೊಡ್ಡ ಪ್ರಮಾಣದಲ್ಲಿ ಕೊಟ್ಟ ಕಾರ್ನಿಟಿನ್ ಭೇದಿಯನ್ನೂ ತರುತ್ತದೆ. ಮೂತ್ರ ಹೆಚ್ಚಿಸುವ ಔಷಧದ ಮೇಲಿರುವ ಪುಟ್ಟ ಪ್ರಾಣಿಗೆ ಭೇದಿಯೂ ಸೇರಿಕೊಂಡರೆ ನೀರು ಬತ್ತಿ ಮೂತ್ರಪಿಂಡಕ್ಕೆ ಪೆಟ್ಟಾಗುವುದು ಬೇಗ.

ಹೀಗಾಗಿ ನಮ್ಮ ಮನೆಯಲ್ಲಿ ಪೂರಕಗಳೆಲ್ಲ ಊಟದೊಳಗೆ ಸೇರಬಲ್ಲವೇ ಎಂಬುದೇ ಮೊದಲ ಪರೀಕ್ಷೆಯಾಯಿತು. ಫೆರೆಟ್ ಸಾಕಿದವರು ಡಕ್ ಸೂಪ್ ಎಂದು ಕರೆಯುವ ಗಂಜಿಯೊಂದಿದೆ. ಹೆಸರಿನಲ್ಲಿರುವ ಬಾತುಕೋಳಿ ಅದರಲ್ಲಿ ಇರಲೇಬೇಕೆಂದಿಲ್ಲ. ಅವನ ಒಣ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ, ಬೇಯಿಸಿದ ಕೋಳಿ, ಕೋಳಿಗುಂಡಿಗೆ ಮತ್ತು ಅದನ್ನು ಬೇಯಿಸಿದ ಉಪ್ಪಿಲ್ಲದ ನೀರಿನ ಜೊತೆ ನುಣ್ಣಗೆ ರುಬ್ಬುತ್ತೇನೆ. ಅಂಗಡಿಯ ಸಾರಿನ ಡಬ್ಬಿಗಳಲ್ಲಿ ಉಪ್ಪು ಹೆಚ್ಚಿರುತ್ತದೆ, ಮತ್ತು ಉಪ್ಪು ಎದೆಯಲ್ಲಿ ನೀರನ್ನು ನಿಲ್ಲಿಸುತ್ತದೆ. ಆದ್ದರಿಂದ ಅವು ನಮ್ಮ ಅಡುಗೆಮನೆಯಿಂದ ಹೊರಗೆ. ಟಾರಿನ್ ಈ ಗಂಜಿಯಲ್ಲಿ ಗೊತ್ತೇ ಆಗದಂತೆ ಕರಗುತ್ತದೆ. ಕ್ಯೂ10 ಕೊಬ್ಬಿನಲ್ಲಿ ಕರಗುವಂಥದ್ದು, ಎಣ್ಣೆಯ ಕ್ಯಾಪ್ಸೂಲಿನಲ್ಲಿ ಬರುತ್ತದೆ; ಮನುಷ್ಯರ ಕ್ಯಾಪ್ಸೂಲಿನಲ್ಲಿರುವ ಪ್ರಮಾಣ ಇಷ್ಟು ಸಣ್ಣ ಮೈಗೆ ಬಹಳ ದೊಡ್ಡದು, ಚುಚ್ಚಿ ತೆಗೆದ ಹನಿಯಲ್ಲಿ ಎಷ್ಟು ಬಂತು ಎಂದು ಹೇಳುವುದೂ ಕಷ್ಟ. ವೈದ್ಯೆ ಅದಕ್ಕೆ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಅಳೆಯಲಾಗದ್ದನ್ನು ಕೊಡದಿರುವುದೇ ಲೇಸೆಂದು ನಾನು ಬಿಟ್ಟಿದ್ದೇನೆ. ದ್ರವರೂಪದ ಅಥವಾ ಜಗಿಯುವ ಪೂರಕಗಳನ್ನು ಕೊಳ್ಳುವವರು ಚೀಟಿಯಲ್ಲಿ ಜೈಲಿಟಾಲ್ ಎಂಬ ಸಿಹಿ ಇದೆಯೇ ಎಂದು ನೋಡಲೇಬೇಕು. ಅದು ನಾಯಿಗಳ ರಕ್ತದ ಸಕ್ಕರೆಯನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸುತ್ತದೆ. ಇನ್ಸುಲಿನೋಮ ಸಾಮಾನ್ಯವಾಗಿರುವ ಪ್ರಾಣಿಯ ಹತ್ತಿರ ಅಂಥದ್ದು ಸುಳಿಯಲೂ ಕೂಡದು. ಮಾಲ್ಟ್ ಸಿಹಿಯ ಪೇಸ್ಟುಗಳನ್ನೂ ಇದೇ ಭಯದಿಂದ ದೂರವಿಟ್ಟಿದ್ದೇನೆ.

ಮೀನೆಣ್ಣೆಯ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಯಿತು, ಏಕೆಂದರೆ ಅವನು ಇಷ್ಟಪಟ್ಟು ನೆಕ್ಕುವುದು ಅದನ್ನೇ. ಅದರ ಕೊಬ್ಬು ಬೇಗ ಕಮಟಾಗುವಂಥದ್ದು. ಮೈಯೊಳಗೆ ಅದನ್ನು ಕಾಯುವ ವಿಟಮಿನ್ ಇ ಸಾಲದೆ ಹೋದರೆ ಫೆರೆಟ್ ಮತ್ತು ಅದರ ನೆಂಟನಾದ ಮಿಂಕ್‌ಗಳಲ್ಲಿ ಚರ್ಮದಡಿಯ ಕೊಬ್ಬು ಹಳದಿಯಾಗಿ ಉರಿಯೂತಕ್ಕೆ ತಿರುಗುವ ಕಾಯಿಲೆ ಬರುತ್ತದೆ. ಕಾಡ್ ಮೀನಿನ ಯಕೃತ್ತಿನ ಎಣ್ಣೆಯಾದರೆ ವಿಟಮಿನ್ ಎ ಮಿತಿಮೀರುವ ಅಪಾಯ ಬೇರೆ. ಉಗುರು ಕತ್ತರಿಸುವಾಗಿನ ವಿಟಮಿನ್ ಎಣ್ಣೆಯಲ್ಲಿಯೂ ವಿಟಮಿನ್ ಎ ಇರುವುದರಿಂದ ಎರಡೂ ಒಟ್ಟಿಗೆ ಕೂಡಿಕೊಳ್ಳುತ್ತವೆ. ಕೊನೆಗೆ ನಾವು ಒಪ್ಪಿಕೊಂಡದ್ದು ವಿಟಮಿನ್ ಇ ಸೇರಿಸಿದ ಸಾಲ್ಮನ್ ಎಣ್ಣೆಯ ಕೆಲವೇ ಹನಿಗಳು, ಗಂಜಿಯ ಮೇಲೆ; ಆ ದಿನ ಬೇರೆ ಎಣ್ಣೆ ಇಲ್ಲ. ಪೊಟ್ಯಾಸಿಯಂ ಪುಡಿಯ ಸಲಹೆಯೂ ಬಂದಿತ್ತು, ಫ್ಯೂರೊಸಮೈಡ್ ಪೊಟ್ಯಾಸಿಯಮ್ಮನ್ನು ಹೊರಹಾಕುತ್ತದೆ ಎಂಬ ಸರಿಯಾದ ಕಾರಣದೊಂದಿಗೇ. ಆದರೆ ಎನಾಲಪ್ರಿಲ್ ಅದನ್ನು ಮೈಯಲ್ಲಿ ಉಳಿಸುತ್ತದೆ. ಎರಡರ ನಡುವೆ ಮಟ್ಟ ಎಲ್ಲಿ ನಿಂತಿದೆ ಎಂಬುದನ್ನು ರಕ್ತಪರೀಕ್ಷೆಯಷ್ಟೇ ಹೇಳಬೇಕು. ಊಹೆಯ ಮೇಲೆ ಕೊಟ್ಟ ಪೊಟ್ಯಾಸಿಯಂ ಸೋತ ಗುಂಡಿಗೆಯ ಲಯವನ್ನೇ ಕೆಡಿಸಬಲ್ಲದು.

ಬಾಟಲಿಯ ಮೇಲಿನ ಬರಹವನ್ನು ಎಷ್ಟು ನಂಬಬೇಕು ಎಂಬುದೂ ಇಲ್ಲಿಯೇ ಬರುತ್ತದೆ. ಅಮೆರಿಕದಲ್ಲಿ ಮನುಷ್ಯರ ಪೂರಕಗಳಿಗೆ 1994ರ ಕಾನೂನೊಂದಿದೆ. ಅದು ಪ್ರಾಣಿಗಳ ಪೂರಕಗಳಿಗೆ ಅನ್ವಯಿಸುವುದಿಲ್ಲವೆಂದು ಸರ್ಕಾರ 1996ರಲ್ಲಿಯೇ ಸ್ಪಷ್ಟಪಡಿಸಿದೆ. ತಯಾರಕರೇ ಸೇರಿ 2001ರಲ್ಲಿ ಕಟ್ಟಿಕೊಂಡ ನ್ಯಾಷನಲ್ ಆನಿಮಲ್ ಸಪ್ಲಿಮೆಂಟ್ ಕೌನ್ಸಿಲ್ ತಪಾಸಣೆ ನಡೆಸಿ ಗುಣಮಟ್ಟದ ಮುದ್ರೆಯನ್ನು ಕೊಡುತ್ತದೆ. ಆ ಮುದ್ರೆಯಿರುವುದನ್ನು ನಾನು ಆರಿಸುತ್ತೇನೆ, ಆದರೆ ಅದು ಬಾಟಲಿಯಲ್ಲಿ ಏನಿದೆ, ಹೇಗೆ ತಯಾರಾಯಿತು ಎಂಬುದರ ಬಗ್ಗೆ ಕೊಡುವ ಭರವಸೆ. ಫೆರೆಟ್‌ನ ಗುಂಡಿಗೆಗೆ ಅದರಿಂದ ಉಪಯೋಗವಾಗುತ್ತದೆ ಎಂಬ ಭರವಸೆಯಲ್ಲ. "ಹೃದಯಕ್ಕೆ ಬೆಂಬಲ" ಎಂಬ ಎರಡು ಪದಗಳನ್ನು ಅಚ್ಚುಹಾಕುವುದಕ್ಕೆ ಯಾವ ಪ್ರಯೋಗವನ್ನೂ ನಡೆಸಬೇಕಾಗಿಲ್ಲ ಎಂಬುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ, ಏಕೆಂದರೆ ಅದನ್ನು ಓದುವವರು ಆಗಷ್ಟೇ ಕತ್ತಲು ಕೋಣೆಯಿಂದ ಹೊರಗೆ ಬಂದವರಾಗಿರುತ್ತಾರೆ.

ಕೊಡುತ್ತಿರುವುದು ಉಪಯೋಗಕ್ಕೆ ಬರುತ್ತಿದೆಯೇ ಎಂದು ತಿಳಿಯಲು ಮನೆಯಲ್ಲಿ ನಮಗಿರುವ ಸಾಧನಗಳು ಎರಡೇ: ಅಡುಗೆಮನೆಯ ತಕ್ಕಡಿ ಮತ್ತು ಗಡಿಯಾರ. ಫೆರೆಟ್‌ಗಳು ಎತ್ತಿದರೂ ಎಚ್ಚರವಾಗದಷ್ಟು ಗಾಢವಾಗಿ ಮಲಗುತ್ತವೆ; ಹೊಸದಾಗಿ ಸಾಕಿದವರು ಸತ್ತೇಹೋಯಿತೆಂದು ಹೆದರುವುದುಂಟು. ಆ ನಿದ್ರೆಯಲ್ಲಿ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ ಬರೆದಿಡುತ್ತೇನೆ. ಆರೋಗ್ಯವಂತ ಫೆರೆಟ್ ನಿಮಿಷಕ್ಕೆ 33ರಿಂದ 36 ಸಲ ಉಸಿರಾಡುತ್ತದೆ ಎಂದು ಪುಸ್ತಕಗಳು ಹೇಳುತ್ತವೆ, ಆದರೆ ನಮಗೆ ಮುಖ್ಯವಾದದ್ದು ಅವನದೇ ಮೊನ್ನೆಯ ಅಂಕಿಗೂ ಇಂದಿನ ಅಂಕಿಗೂ ಇರುವ ಅಂತರ. ಅದು ಏರುತ್ತಲೇ ಹೋದರೆ ಎದೆಯಲ್ಲಿ ನೀರು ಸೇರುತ್ತಿದೆ ಎಂದು ಅರ್ಥ. ಆಗ ವೈದ್ಯರಿಗೆ ಫೋನ್ ಮಾಡಬೇಕು, ಹೊಸ ಪೂರಕವನ್ನು ಹುಡುಕುತ್ತಾ ಕೂರಬಾರದು. ಯಾವ ಹೊಸ ವಸ್ತುವನ್ನೂ ಇನ್ನೊಂದರ ಜೊತೆಗೆ ಒಂದೇ ವಾರದಲ್ಲಿ ಶುರುಮಾಡುವುದಿಲ್ಲ. ಎರಡನ್ನು ಒಟ್ಟಿಗೆ ಕೊಟ್ಟು ಭೇದಿ ಶುರುವಾದರೆ ಯಾವುದರಿಂದ ಎಂದು ಕೇಳಿದಾಗ ಅವನು ಹೇಳಲಾರ.

ಈಗ ಪಟ್ಟಿಯಲ್ಲಿ ಮೂರು ಔಷಧಗಳು, ಗಂಜಿಯಲ್ಲಿ ಟಾರಿನ್, ಮತ್ತು ವಾರದಲ್ಲಿ ಕೆಲವು ದಿನ ಸಾಲ್ಮನ್ ಎಣ್ಣೆ ಇವೆ. ಕಳೆದ ಎಕೋದಲ್ಲಿ ಗೋಡೆ ದಪ್ಪವಾಗಿರಲಿಲ್ಲ, ತೆಳುವಾಗಿಯೂ ಇರಲಿಲ್ಲ, ಎದೆಯಲ್ಲಿ ನೀರಿರಲಿಲ್ಲ. ಇದರ ಶ್ರೇಯಸ್ಸನ್ನು ಟಾರಿನ್‌ಗೆ ಕೊಡಲು ನನಗೆ ಆಧಾರವಿಲ್ಲ, ನಿಲ್ಲಿಸಿ ನೋಡುವ ಮನಸ್ಸೂ ಇಲ್ಲ. ತೂಕ ಮಾತ್ರ ಸ್ವಲ್ಪ ಇಳಿದಿದೆ. ಮುಂದಿನ ಭೇಟಿಯವರೆಗೆ ಎಣ್ಣೆಯ ಹನಿಗಳನ್ನು ಮುಂದುವರಿಸಿ, ಮಲ ಸಡಿಲವಾದರೆ ಅಥವಾ ಗಂಜಿಯನ್ನು ಬಿಟ್ಟರೆ ಮೊದಲು ಅದನ್ನೇ ನಿಲ್ಲಿಸುವುದೆಂದು ವೈದ್ಯೆಯೂ ನಾನೂ ಮಾತಾಡಿಕೊಂಡಿದ್ದೇವೆ.